ಜಹಾಂಗೀರಿಗೆ ಪಿಎಚ್‌.ಡಿ. ಯಾಕಿಲ್ಲ?

ಬಿಡುಗಡೆ ಎಂದರೇನು ಅಂತ ಕನ್ನಡ ಸಾಹಿತ್ಯಲೋಕಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಬಣ್ಣದ ಕಾಗದ ಸುತ್ತಿದ ಪುಸ್ತಕ, ಅದನ್ನು ಬಿಚ್ಚುವ ಅತಿಥಿ, ಶಾಲು, ಹಾರ, ಎಲ್ಲರ ಭಾಷಣ ಮುಗಿದ ಮೇಲೆ ಶಿರಾ, ಉಪ್ಪಿಟ್ಟು. ಮರುದಿನದ ಪೇಪರಿನಲ್ಲಿ ಒಂದು ಫೋಟೊ. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಇದೇ ನಾಡಿನಲ್ಲಿ ಇನ್ನೊಂದು ಬಗೆಯ ಬಿಡುಗಡೆಯೂ ನಡೆಯುತ್ತದೆ. ಅದಕ್ಕೆ ಶಾಲೂ ಇಲ್ಲ, ಫೋಟೊವೂ ಇಲ್ಲ, ಕಡೆಗೆ ವಿಶ್ವವಿದ್ಯಾಲಯದ ಒಂದು ಅರ್ಜಿ ನಮೂನೆಯಲ್ಲಿ ಬರೆದುಕೊಳ್ಳಲು ಒಂದು ಕಾಲಮ್ಮೂ ಇಲ್ಲ. ನನ್ನ ಜಗಳ ಇರುವುದು ಆ ಕಾಲಮ್ಮಿನ ಬಗ್ಗೆ.

ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿ ಎನ್‌ಸಿಬಿಎಸ್ ಎಂಬ ಸಂಸ್ಥೆ ಇದೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಸೇರಿದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ. ಅಲ್ಲಿ ಉಪಿಂದರ್ ಭಲ್ಲಾ ಅವರ ಪ್ರಯೋಗಾಲಯದಲ್ಲಿ ಬೆಳೆದ ಒಂದು ಸಾಫ್ಟ್‌ವೇರ್ ಇದೆ, ಹೆಸರು ಮೂಸ್. ನರಕೋಶದೊಳಗಿನ ರಾಸಾಯನಿಕ ಕ್ರಿಯೆಗಳಿಂದ ಹಿಡಿದು ಒಂದು ಇಡೀ ನರಕೋಶದ ವಿದ್ಯುತ್ ಮಿಡಿತ, ಅಲ್ಲಿಂದ ನರಕೋಶಗಳ ಜಾಲದವರೆಗೆ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಮಾದರಿ ಕಟ್ಟಿ ನಡೆಸಿ ನೋಡಲು ಅದು ನೆರವಾಗುತ್ತದೆ. ಒಳಗಿನ ಎಂಜಿನ್ನು ಸಿ ಪ್ಲಸ್ ಪ್ಲಸ್‌ನಲ್ಲಿದೆ, ಬಳಸುವವರು ಪೈಥಾನ್‌ನಲ್ಲಿ ಬರೆಯುತ್ತಾರೆ. ಮೂಲಸಂಕೇತ ಮುಕ್ತ: ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಓದಬಹುದು, ತಿದ್ದಬಹುದು, ಹಂಚಬಹುದು. ಅದರ ಆವೃತ್ತಿಗಳಿಗೆ ಮಿಠಾಯಿಗಳ ಹೆಸರಿಡುವುದು ವಾಡಿಕೆ. 4.0 ಜಿಲೇಬಿ, 4.1 ಜಾಂಗ್ರಿ. ಜಾಂಗ್ರಿ ಎಂದರೆ ನಮ್ಮಲ್ಲಿ ಜಹಾಂಗೀರು ಅಂತ ಮಾರುವ, ಉದ್ದಿನ ಹಿಟ್ಟಿನಲ್ಲಿ ಹೂವಿನ ಹಾಗೆ ಸುತ್ತಿ ಕರಿದು ಪಾಕದಲ್ಲಿ ಅದ್ದಿದ ಅದೇ ತಿಂಡಿ.

ಹೆಸರು ಕೇಳಿ ನಗು ಬರಬಹುದು. ಆದರೆ ಅದರೊಳಗಿನ ಕೆಲಸ ನಗುವಂಥದ್ದಲ್ಲ. 1952ರಲ್ಲಿ ಹಾಡ್ಗ್‌ಕಿನ್ ಮತ್ತು ಹಕ್ಸ್‌ಲಿ ಎಂಬ ಇಬ್ಬರು ಇಂಗ್ಲಿಷ್ ವಿಜ್ಞಾನಿಗಳು ಸ್ಕ್ವಿಡ್ ಎಂಬ ಕಡಲಜೀವಿಯ ನರತಂತುವಿನಲ್ಲಿ ವಿದ್ಯುತ್ ಮಿಡಿತ ಹೇಗೆ ಹುಟ್ಟಿ ಸಾಗುತ್ತದೆ ಎಂಬುದಕ್ಕೆ ಸಮೀಕರಣಗಳನ್ನು ಕೊಟ್ಟರು. 1963ರಲ್ಲಿ ನೊಬೆಲ್ ಬಂತು. ಆ ಸಮೀಕರಣಗಳನ್ನು ಬಿಡಿಸುವ ಹೊತ್ತಿಗೆ ಕೇಂಬ್ರಿಜ್‌ನ ಕಂಪ್ಯೂಟರು ಮಾರ್ಪಾಟಿಗೆಂದು ನಿಂತಿತ್ತು. ಹಕ್ಸ್‌ಲಿ ಕೈಯಿಂದ ಹಿಡಿಕೆ ತಿರುಗಿಸುವ ಲೆಕ್ಕದ ಯಂತ್ರದಲ್ಲಿ ವಾರಗಟ್ಟಲೆ ಕೂತು ಲೆಕ್ಕ ಮಾಡಿದರು. ಇವತ್ತು ಅದೇ ಲೆಕ್ಕವನ್ನು ಮೂಸ್‌ನಂಥ ಸಾಫ್ಟ್‌ವೇರಿನಲ್ಲಿ ಒಬ್ಬ ಬಿಎಸ್ಸಿ ವಿದ್ಯಾರ್ಥಿನಿ ಚಹಾ ಆರುವುದರೊಳಗೆ ಮಾಡಿ ಮುಗಿಸಬಹುದು. ಆ ವಾರಗಳ ಶ್ರಮ ಎಲ್ಲಿಗೆ ಹೋಯಿತು? ಮಾಯವಾಗಲಿಲ್ಲ. ಅದು ಸಾಫ್ಟ್‌ವೇರ್ ಕಟ್ಟುವವರ, ಕಾಯುವವರ ಹೆಗಲಿಗೆ ದಾಟಿತು. ಹಿಡಿಕೆ ತಿರುಗಿಸಿದವನಿಗೆ ನೊಬೆಲ್ ಕೊಟ್ಟ ಲೋಕ, ಹಿಡಿಕೆಯೇ ಬೇಡದಂತೆ ಮಾಡಿದವರ ಹೆಸರು ಕೇಳುವುದಿಲ್ಲ.

ಹೊಸ ಆವೃತ್ತಿ ಬಿಡುಗಡೆ ಮಾಡುವುದೆಂದರೆ ಗುಂಡಿ ಒತ್ತುವುದಲ್ಲ. ಬಳಸುವವರು ಕಳಿಸಿದ ದೂರುಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು. ಒಂದು ಕಡೆ ತಿದ್ದಿದರೆ ಇನ್ನೊಂದು ಕಡೆ ಕೆಡುತ್ತದೆಯೇ ನೋಡಬೇಕು. ಹಳೆಯ ಪ್ರಬಂಧಗಳಲ್ಲಿ ಪ್ರಕಟವಾದ ಮಾದರಿಗಳನ್ನು ಹೊಸ ಆವೃತ್ತಿಯಲ್ಲಿ ಮತ್ತೆ ನಡೆಸಿ, ಉತ್ತರ ಅದೇ ಬರುತ್ತದೆಯೇ ಎಂದು ಹೋಲಿಸಬೇಕು. ಬೇರೆ ಬಂದರೆ ಮೊದಲಿನದು ತಪ್ಪೋ ಈಗಿನದು ತಪ್ಪೋ ನಿರ್ಣಯಿಸಬೇಕು. ಲಿನಕ್ಸ್, ಮ್ಯಾಕ್, ವಿಂಡೋಸ್ ಮೂರರಲ್ಲೂ ಓಡಿಸಬೇಕು. ಕೈಪಿಡಿ ತಿದ್ದಬೇಕು. ಕೊನೆಗೆ ಏನು ಸೇರಿತು, ಏನು ಬದಲಾಯಿತು, ಏನನ್ನು ತೆಗೆದುಹಾಕಲಾಯಿತು ಎಂಬ ಪಟ್ಟಿಯನ್ನು ಮುಚ್ಚುಮರೆಯಿಲ್ಲದೆ ಬರೆದು, ಒಂದು ಸಂಖ್ಯೆ ಕೊಟ್ಟು ಹೊರಬಿಡಬೇಕು. ಆ ಸಂಖ್ಯೆ ಒಂದು ವಚನ. ಈ ಸಂಖ್ಯೆಯ ಸಾಫ್ಟ್‌ವೇರ್ ಇವತ್ತೂ ಇದೇ, ಹತ್ತು ವರ್ಷ ಬಿಟ್ಟರೂ ಇದೇ, ಒಳಗೊಂದು ಅಕ್ಷರವನ್ನೂ ಗುಟ್ಟಾಗಿ ಬದಲಿಸುವುದಿಲ್ಲ ಎಂಬ ವಚನ.

ಈ ವಚನ ಯಾಕೆ ಬೇಕು? 2019ರಲ್ಲಿ ಹವಾಯಿ ವಿಶ್ವವಿದ್ಯಾಲಯದ ಸಂಶೋಧಕರು ಕಂಡದ್ದನ್ನು ನೋಡಿ. ರಸಾಯನಶಾಸ್ತ್ರದಲ್ಲಿ ಅಣುಗಳ ರಚನೆ ಗುರುತಿಸಲು ಬಹಳ ಜನ ಬಳಸುತ್ತಿದ್ದ ಒಂದು ಪೈಥಾನ್ ಸ್ಕ್ರಿಪ್ಟ್ ಇತ್ತು. ಅದೇ ಸ್ಕ್ರಿಪ್ಟ್, ಅದೇ ದತ್ತಾಂಶ. ಆದರೆ ಬೇರೆ ಬೇರೆ ಆಪರೇಟಿಂಗ್ ಸಿಸ್ಟಂಗಳಲ್ಲಿ ಬೇರೆ ಬೇರೆ ಉತ್ತರ! ಕಾರಣ ಕೇಳಿದರೆ ಆಶ್ಚರ್ಯವಾಗುತ್ತದೆ. ಫೋಲ್ಡರಿನಲ್ಲಿರುವ ಫೈಲುಗಳು ಒಂದು ನಿರ್ದಿಷ್ಟ ಕ್ರಮದಲ್ಲೇ ಸಿಗುತ್ತವೆ ಎಂದು ಸ್ಕ್ರಿಪ್ಟ್ ನಂಬಿತ್ತು. ಎಲ್ಲ ಕಂಪ್ಯೂಟರುಗಳೂ ಆ ಕ್ರಮ ಪಾಲಿಸುವುದಿಲ್ಲ. ಅದನ್ನು ಬಳಸಿದ್ದ ನೂರಕ್ಕೂ ಹೆಚ್ಚು ಪ್ರಬಂಧಗಳ ಲೆಕ್ಕವನ್ನು ಮತ್ತೆ ನೋಡಬೇಕಾದ ಪರಿಸ್ಥಿತಿ ಬಂತು. ಇಲ್ಲಿ ಗಮನಿಸಬೇಕಾದ್ದು ಎರಡು. ದೋಷ ಇದ್ದದ್ದು ಸಿದ್ಧಾಂತದಲ್ಲಲ್ಲ, ನಾವು ‘ಬರೀ ಉಪಕರಣ’ ಎನ್ನುವುದರಲ್ಲಿ. ಆ ದೋಷ ಸಿಕ್ಕಿದ್ದು ಸ್ಕ್ರಿಪ್ಟ್ ಮುಕ್ತವಾಗಿದ್ದರಿಂದ, ಬೇರೆಯವರು ತೆರೆದು ಓದಬಹುದಾಗಿದ್ದರಿಂದ.

ಇನ್ನು ಒಳ್ಳೆಯ ಬಿಡುಗಡೆ ಹೇಗಿರುತ್ತದೆ ಎನ್ನುವುದಕ್ಕೂ ಅದೇ 2019ರ ಉದಾಹರಣೆ ಇದೆ. ಸಂಖ್ಯಾಶಾಸ್ತ್ರದವರು, ಭಾಷಾವಿಜ್ಞಾನದವರು, ಕೃಷಿ ಸಂಶೋಧಕರು ಎಲ್ಲರೂ ಬಳಸುವ ಆರ್ ಎಂಬ ಸಾಫ್ಟ್‌ವೇರಿನ 3.6.0 ಆವೃತ್ತಿ ಬಂತು. ಒಂದು ಗುಂಪಿನಿಂದ ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದಂತೆ, ಮಾದರಿ ಆರಿಸುವ ಅದರ ಹಳೆಯ ವಿಧಾನದಲ್ಲಿ ಸಣ್ಣ ಪಕ್ಷಪಾತ ಇತ್ತು; ಗುಂಪು ಬಹಳ ದೊಡ್ಡದಾದಾಗ ಎಲ್ಲ ಚೀಟಿಗಳಿಗೂ ಸಮಾನ ಅವಕಾಶ ಸಿಗುತ್ತಿರಲಿಲ್ಲ. ಅವರು ವಿಧಾನವನ್ನೇ ಬದಲಿಸಿದರು. ಬದಲಿಸಿ ಸುಮ್ಮನಿರಲಿಲ್ಲ. ಇದರಿಂದ ನಿಮ್ಮ ಹಳೆಯ ಲೆಕ್ಕಗಳು ಹೊಸ ಆವೃತ್ತಿಯಲ್ಲಿ ಬೇರೆ ಉತ್ತರ ಕೊಡಬಹುದು ಎಂದು ಬರೆದರು. ಹಳೆಯ ಉತ್ತರವೇ ಬೇಕಿದ್ದವರಿಗೆ ಹಳೆಯ ವಿಧಾನಕ್ಕೆ ಹಿಂತಿರುಗುವ ದಾರಿಯನ್ನೂ ಇಟ್ಟರು. ತಪ್ಪನ್ನು ತಿದ್ದುವುದು, ತಿದ್ದಿದ್ದನ್ನು ಸಾರುವುದು, ಹಿಂದಿನದನ್ನು ಅಳಿಸದೆ ಉಳಿಸುವುದು. ಸಂಶೋಧನೆಯ ನೀತಿ ಎಂದು ಪಿಎಚ್‌.ಡಿ. ಕೋರ್ಸ್‌ವರ್ಕಿನಲ್ಲಿ ನಮಗೆ ಪಾಠ ಮಾಡುವುದು ಇದನ್ನೇ ಅಲ್ಲವೆ?

ಆದರೆ ಲೆಕ್ಕಕ್ಕೆ ಬಂದಾಗ? ಕಾಲೇಜು, ವಿಶ್ವವಿದ್ಯಾಲಯಗಳ ಅಧ್ಯಾಪಕರ ನೇಮಕಾತಿಗೆ ಯುಜಿಸಿ 2018ರಲ್ಲಿ ತಂದ ನಿಯಮಾವಳಿಯಲ್ಲಿ ಸಂಶೋಧನೆಯ ಅಂಕಗಳ ಒಂದು ಕೋಷ್ಟಕ ಇದೆ. ವಿಜ್ಞಾನದ ಒಂದು ಪ್ರಬಂಧಕ್ಕೆ 8 ಅಂಕ, ಭಾಷೆ-ಮಾನವಿಕದ ಪ್ರಬಂಧಕ್ಕೆ 10. ಪುಸ್ತಕ ಬರೆದರೆ ಅಂಕ, ಸಂಪಾದಿಸಿದರೆ ಅಂಕ, ಅನುವಾದಿಸಿದರೆ ಅಂಕ, ಪೇಟೆಂಟ್ ಪಡೆದರೆ ಅಂಕ. ಸಂಶೋಧನಾ ಸಾಫ್ಟ್‌ವೇರ್ ಬಿಡುಗಡೆ ಎಂಬ ಸಾಲು ಮಾತ್ರ ಇಲ್ಲ. ಇದರ ವ್ಯಂಗ್ಯ ನೋಡಿ: ಜ್ಞಾನಕ್ಕೆ ಬೇಲಿ ಹಾಕಿ ಪೇಟೆಂಟ್ ಪಡೆದವರು ಸಂಶೋಧಕರು, ಬೇಲಿ ಕಿತ್ತು ಎಲ್ಲರಿಗೂ ಕೊಟ್ಟವರು ಲೆಕ್ಕಕ್ಕಿಲ್ಲ.

ನನ್ನ ಪರಿಚಯದ ಸಂಶೋಧನಾ ವಿದ್ಯಾರ್ಥಿಯೊಬ್ಬರು ಒಂದು ಮುಕ್ತ ತಂತ್ರಾಂಶದ ಹೊಸ ಆವೃತ್ತಿಗಾಗಿ ತಿಂಗಳುಗಟ್ಟಲೆ ದುಡಿದು, ಅರ್ಧವಾರ್ಷಿಕ ಪ್ರಗತಿ ವರದಿಯಲ್ಲಿ ಅದನ್ನು ಬರೆದಿದ್ದರು. ಸಭೆಯಲ್ಲಿ ಕೂತಿದ್ದ ಹಿರಿಯರು ಹಾಳೆ ತಿರುವಿಹಾಕಿ ಕೇಳಿದ್ದು ಒಂದೇ: "ಇದೆಲ್ಲಾ ಖರೆ ಅದ ತಮ್ಮಾ, ಪೇಪರ್ ಎಷ್ಟಾದು?" ಆ ಹಿರಿಯರು ಕೆಟ್ಟವರಲ್ಲ. ಅವರ ಕೈಯಲ್ಲಿದ್ದ ನಮೂನೆಯೇ ಅಷ್ಟು ಕೇಳುತ್ತಿತ್ತು.

ಪೇಪರ್ ಎಷ್ಟಾದು ಎಂಬ ಈ ಪ್ರಶ್ನೆ ನಮ್ಮನ್ನು ಎಲ್ಲಿಗೆ ತಂದಿದೆ ಎಂಬುದೂ ಗೊತ್ತಿರುವ ಸಂಗತಿ. 2018ರ ಮೇನಲ್ಲಿ ಯುಜಿಸಿ ತನ್ನದೇ ಮಾನ್ಯ ಪಟ್ಟಿಯಿಂದ 4,305 ನಿಯತಕಾಲಿಕೆಗಳನ್ನು ತೆಗೆದುಹಾಕಿತು. ದುಡ್ಡು ಕೊಟ್ಟರೆ ವಾರದೊಳಗೆ ಅಚ್ಚು ಹಾಕುವ ಅಂಗಡಿಗಳು ಹುಟ್ಟಿದ್ದು ಇದೇ ಎಣಿಕೆಯ ಹಸಿವಿನಿಂದ. 2022ರ ಹೊಸ ಪಿಎಚ್‌.ಡಿ. ನಿಯಮಾವಳಿ ಮಹಾಪ್ರಬಂಧ ಸಲ್ಲಿಕೆಗೆ ಮುನ್ನ ಪ್ರಬಂಧ ಪ್ರಕಟಿಸಲೇಬೇಕೆಂಬ ಕಡ್ಡಾಯವನ್ನು ಕೈಬಿಟ್ಟಿತು. ಒಳ್ಳೆಯದೇ. ಆದರೆ ಒಂದು ಎಣಿಕೆಯನ್ನು ಬಿಟ್ಟ ಮಾತ್ರಕ್ಕೆ, ಯಾವುದನ್ನು ಕೆಲಸವೆಂದು ಗುರುತಿಸಬೇಕು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಂತಾಗಲಿಲ್ಲ.

ಉತ್ತರಕ್ಕೆ ಅಮೆರಿಕದ ಕಡೆ ನೋಡಬಹುದು. ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಷನ್ 2013ರ ಜನವರಿಯಿಂದ, ಅನುದಾನ ಕೇಳುವವರ ಪರಿಚಯಪತ್ರದಲ್ಲಿ ‘ಪ್ರಕಟಣೆಗಳು’ ಎಂಬ ತಲೆಬರಹ ತೆಗೆದು ‘ಉತ್ಪನ್ನಗಳು’ ಎಂದು ಮಾಡಿತು. ದತ್ತಾಂಶ, ಸಾಫ್ಟ್‌ವೇರ್ ಎಲ್ಲಕ್ಕೂ ಜಾಗ ಸಿಕ್ಕಿತು. ಆದರೆ ನಾವು ಅಷ್ಟು ದೂರ ಹೋಗಬೇಕಾಗಿಯೇ ಇಲ್ಲ. ಈ ಪತ್ರಿಕೆ ಓದುವ ನಿಮ್ಮಲ್ಲಿ ಹಲವರು ಕನ್ನಡ ಎಂ.ಎ. ಓದಿದವರು, ಓದುತ್ತಿರುವವರು. ಗ್ರಂಥ ಸಂಪಾದನೆ ಎಂಬ ಪತ್ರಿಕೆಯನ್ನು ಬರೆದು ಪಾಸಾದವರು. ನಿಮಗೆ ಈ ಕೆಲಸ ಗೊತ್ತು. ಹೆಸರು ಮಾತ್ರ ಬೇರೆ.

ಓಲೆಗರಿಗಳನ್ನು ಕಲೆಹಾಕಿ, ಪಾಠಾಂತರಗಳನ್ನು ಹೋಲಿಸಿ, ಲಿಪಿಕಾರರು ಮಾಡಿದ ತಪ್ಪನ್ನು ಗುರುತಿಸಿ, ಶುದ್ಧಪಾಠ ನಿರ್ಣಯಿಸಿ, ಬಿಟ್ಟ ಪಾಠಗಳನ್ನು ಅಡಿಟಿಪ್ಪಣಿಯಲ್ಲಿ ಉಳಿಸಿ ಹೊರತರುವ ಕೆಲಸವನ್ನು ನಾವು ಯಾವತ್ತಾದರೂ ‘ಬರೀ ರಿಪೇರಿ’ ಎಂದೆವೆ? ಕಿಟೆಲ್‌ನ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಎಪ್ಪತ್ತು ಚಿಲ್ಲರೆ ವರ್ಷದ ಮೇಲೆ ಅದನ್ನು ಪರಿಷ್ಕರಿಸಿ ಹೊಸ ಸಂಪುಟಗಳಾಗಿ ಮದರಾಸು ವಿಶ್ವವಿದ್ಯಾಲಯದಿಂದ ತಂದ ಎಂ. ಮರಿಯಪ್ಪ ಭಟ್ಟರನ್ನು ಯಾರಾದರೂ "ನೀವು ಹೊಸದೇನು ಬರೆದಿರಿ?" ಎಂದು ಕೇಳಿದರೆ ಅವರ ವಿದ್ವತ್ತಿಗಲ್ಲ, ಕೇಳಿದವರಿಗೇ ಅವಮಾನ. ಶೂನ್ಯಸಂಪಾದನೆಯನ್ನೇ ನೋಡಿ. ಶಿವಗಣಪ್ರಸಾದಿ ಮಹಾದೇವಯ್ಯ ಕಟ್ಟಿದ್ದನ್ನು ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರು ಸಿದ್ಧವೀರಣ್ಣೊಡೆಯರು ಒಬ್ಬರಾದ ಮೇಲೊಬ್ಬರು ಪರಿಷ್ಕರಿಸಿದರು. ಹಿಂದಿನವರು ಬಿಟ್ಟದ್ದನ್ನು ಸೇರಿಸಿದರು, ಸರಿಯೆನಿಸದ್ದನ್ನು ತಿದ್ದಿದರು. ನಾಲ್ಕನ್ನೂ ನಾವು ಓದುತ್ತೇವೆ, ನಾಲ್ವರ ಹೆಸರನ್ನೂ ಹೇಳುತ್ತೇವೆ. ಆವೃತ್ತಿ ಎಂಬುದಕ್ಕೆ ಇಷ್ಟು ಗೌರವ ಕೊಟ್ಟ ಭಾಷೆಯ ವಿಶ್ವವಿದ್ಯಾಲಯಗಳಿಗೆ 4.0ರಿಂದ 4.1ಕ್ಕೆ ಹೋಗುವುದು ವಿದ್ವತ್ತು ಎಂದು ಹೊಳೆಯುವುದಿಲ್ಲವೇ?

ಇನ್ನೊಂದು ಹೆಸರು ಹೇಳಲೇಬೇಕು: ಬೆಳ್ಳಾವೆ ವೆಂಕಟನಾರಣಪ್ಪ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದವರು. ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ನಡೆಸಿದವರು. 1931ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಪಂಪಭಾರತವನ್ನು ಪರಿಷ್ಕರಿಸಿ ಹೊರತಂದಾಗ ಅದರ ಸಂಪಾದನೆಯ ಮುಂದಾಳುತನ ವಹಿಸಿದ್ದವರೂ ಅವರೇ. ಒಬ್ಬ ಭೌತಶಾಸ್ತ್ರದ ಮೇಷ್ಟ್ರು ಪಂಪನ ಪಾಠ ತಿದ್ದಲು ಕೂತದ್ದು ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ. ಅಳತೆ, ಹೋಲಿಕೆ, ತಪ್ಪಿನ ಬೇಟೆ ಎರಡೂ ಕಡೆ ಒಂದೇ ಎಂದು ಆ ತಲೆಮಾರು ಬಲ್ಲದು. ನಾವೇ ನಡುವೆ ಗೋಡೆ ಕಟ್ಟಿಕೊಂಡೆವು. ಈ ಕಡೆ ಸಾಹಿತ್ಯ, ಆ ಕಡೆ ವಿಜ್ಞಾನ, ಸಾಫ್ಟ್‌ವೇರ್ ಎಂದರೆ ಎರಡೂ ಅಲ್ಲದ ಕಂಪನಿ ಕೆಲಸ.

ಇದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತು. ಮೊದಲನೆಯದು: ಸಾಫ್ಟ್‌ವೇರ್ ಒಂದು ಉಪಕರಣ, ಪೆನ್ನಿನ ಹಾಗೆ, ಪೆನ್ನು ಮಾಡಿದವನಿಗೆ ಕಾವ್ಯದ ಪ್ರಶಸ್ತಿ ಕೊಡುತ್ತಾರೆಯೇ? ಹೋಲಿಕೆ ಚೆನ್ನಾಗಿದೆ, ಆದರೆ ಪೆನ್ನು ನೀವು ಬರೆದ ಸಾಲನ್ನು ಬದಲಿಸುವುದಿಲ್ಲ. ಮೂಸ್‌ನಂಥ ಸಾಫ್ಟ್‌ವೇರಿನಲ್ಲಿ ಕಾಲವನ್ನು ಎಷ್ಟು ಸಣ್ಣ ತುಣುಕಾಗಿ ಕತ್ತರಿಸಬೇಕು, ಸಮೀಕರಣವನ್ನು ಯಾವ ವಿಧಾನದಿಂದ ಬಿಡಿಸಬೇಕು ಎಂಬ ಒಂದೊಂದು ಆಯ್ಕೆಯೂ ವೈಜ್ಞಾನಿಕ ವಾದ. ತಪ್ಪು ಆಯ್ಕೆಯಾದರೆ ಇಲ್ಲದ ಮಿಡಿತ ಕಾಣುತ್ತದೆ, ಇರುವ ಮಿಡಿತ ಅಳಿಸಿಹೋಗುತ್ತದೆ.

ಎರಡನೆಯದು: ಹತ್ತಾರು ಜನ ಸೇರಿ ಮಾಡಿದ ಕೆಲಸಕ್ಕೆ ಕರ್ತೃ ಯಾರು? ವಾಸ್ತವದಲ್ಲಿ ಇದರಷ್ಟು ಸ್ಪಷ್ಟವಾದ ಕರ್ತೃತ್ವ ಇನ್ನೊಂದಿಲ್ಲ. ಮುಕ್ತ ತಂತ್ರಾಂಶದಲ್ಲಿ ಪ್ರತಿ ಸಾಲನ್ನು ಯಾರು, ಯಾವ ದಿನ, ಯಾಕೆ ಬದಲಿಸಿದರು ಎಂಬುದು ದಾಖಲಾಗಿರುತ್ತದೆ. ಏಳು ಜನರ ಹೆಸರಿರುವ ಪ್ರಬಂಧದಲ್ಲಿ ಐದನೆಯವರು ಏನು ಮಾಡಿದರು ಎಂದು ಹೀಗೆ ತೋರಿಸಿಕೊಡಿ ನೋಡೋಣ.

ಮೂರನೆಯದು: ಸಾಫ್ಟ್‌ವೇರಿನ ಮೇಲೆ ಒಂದು ಪೇಪರ್ ಬರೆದರಾಯಿತಲ್ಲ, ಅಂಕ ಬರುತ್ತದೆ. ಬರೆಯುತ್ತಾರೆ, ಮೊದಲ ಬಾರಿ ಬಿಟ್ಟಾಗ. ಐದನೆಯ ಆವೃತ್ತಿಗೆ, ಹತ್ತನೆಯದಕ್ಕೆ ಯಾವ ನಿಯತಕಾಲಿಕೆ ಜಾಗ ಕೊಡುತ್ತದೆ? ಹುಟ್ಟಿಸಿದವರಿಗೆ ಹೆಸರು, ಸಾಕಿದವರಿಗೆ ಏನೂ ಇಲ್ಲ. ಅದಕ್ಕೇ ನಮ್ಮಲ್ಲಿ ಎಷ್ಟೋ ಸಂಶೋಧನಾ ತಂತ್ರಾಂಶಗಳು ಒಬ್ಬ ವಿದ್ಯಾರ್ಥಿಯ ಪಿಎಚ್‌.ಡಿ. ಮುಗಿದ ದಿನವೇ ಸಾಯುತ್ತವೆ. ಮೂಸ್ ವರ್ಷಗಟ್ಟಲೆ ಒಂದರ ಮೇಲೊಂದು ಆವೃತ್ತಿಯಾಗಿ ಬರುತ್ತಿರುವುದೇ ಆ ಕಾರಣಕ್ಕೆ ದೊಡ್ಡ ಸಂಗತಿ.

ಇದೆಲ್ಲ ಬೆಂಗಳೂರಿನ ದೊಡ್ಡ ಸಂಸ್ಥೆಗಳ ಮಾತು, ಅಥಣಿ ತಾಲೂಕಿನ ಅನಂತಪುರಕ್ಕೇನು ಸಂಬಂಧ ಎಂದು ನನ್ನೂರಿನವರು ಕೇಳಿದರೆ ಉತ್ತರ ಇದೆ. ಸಂಬಂಧ ಇರುವುದು ನಮಗೇ ಹೆಚ್ಚು. ಬೆಂಗಳೂರು ನಮಗೆ ಒಂದು ರಾತ್ರಿಯ ಬಸ್ಸಿನಷ್ಟು ದೂರ. ಮೀರಜ, ಸಾಂಗಲಿಗಳೇ ಹತ್ತಿರ. ದೊಡ್ಡ ಪ್ರಯೋಗಾಲಯ ನಮ್ಮ ಕಡೆ ಬರುವುದಿಲ್ಲ. ಬರಬಹುದಾದದ್ದು ಸಾಫ್ಟ್‌ವೇರ್ ಮಾತ್ರ. ದುಬಾರಿ ಪರವಾನಗಿಯ ಸಾಫ್ಟ್‌ವೇರನ್ನು ಕೊಳ್ಳಲಾಗದೆ ನಮ್ಮ ಹುಡುಗರು ಪೆನ್‌ಡ್ರೈವಿನಲ್ಲಿ ಕೈಯಿಂದ ಕೈಗೆ ದಾಟುವ ಕದ್ದ ಪ್ರತಿ ಬಳಸುತ್ತಾರೆ. ಯಾವ ಆವೃತ್ತಿ, ಒಳಗೆ ಯಾರು ಏನು ಬದಲಿಸಿದ್ದಾರೆ, ಗೊತ್ತಿಲ್ಲ. ಕದ್ದ ಪ್ರತಿಯಿಂದ ಬಂದ ಉತ್ತರವನ್ನು ಮಹಾಪ್ರಬಂಧದಲ್ಲಿ ಧೈರ್ಯವಾಗಿ ಹೀಗೆ ಬಂತು ಎಂದು ಬರೆಯುವ ಹಾಗೂ ಇಲ್ಲ. ಬಡತನಕ್ಕಿಂತ ಕೆಟ್ಟದ್ದು ಈ ಅಂಜಿಕೆ.

ಹೀಗಿರುವಾಗ ಜಾಂಗ್ರಿ ಆವೃತ್ತಿಯಲ್ಲಿ ಮೂಸ್ ವಿಂಡೋಸ್‌ನಲ್ಲೂ ನೇರವಾಗಿ ಓಡುವಂತಾದದ್ದು ಪ್ರಯೋಗಾಲಯದವರಿಗೆ ಬದಲಾವಣೆಯ ಪಟ್ಟಿಯಲ್ಲಿ ಒಂದು ಸಾಲು ಇರಬಹುದು. ನಮ್ಮ ತಾಲೂಕಿನ ಪದವಿ ಕಾಲೇಜಿನ ಹುಡುಗಿಯ ಬಳಿ ಇರುವುದು ವಿಂಡೋಸ್ ಲ್ಯಾಪ್‌ಟಾಪೇ, ಅದೂ ಅಣ್ಣನ ಜೊತೆ ಹಂಚಿಕೊಂಡದ್ದು. ಆಕೆಗೆ ಆ ಒಂದು ಸಾಲು ಬಾಗಿಲು. ಆ ಬಾಗಿಲು ತೆರೆಯಲು ಯಾರೋ ಎಷ್ಟೋ ರಾತ್ರಿ ಕೂತಿದ್ದಾರೆ. ಅದಕ್ಕೆ ಪ್ರಬಂಧ ಬರೆಯಲಾಗುವುದಿಲ್ಲ. ಅದರಲ್ಲಿ ಹೊಸ ಸಿದ್ಧಾಂತವಿಲ್ಲ. ಆದರೆ ಒಂದು ವಿಜ್ಞಾನ ಎಷ್ಟು ಜನರದ್ದು ಎಂಬುದನ್ನು ನಿರ್ಧರಿಸಿದ್ದು ಆ ಕೆಲಸ.

ಹಾಗಾಗಿ ಕೇಳುವುದನ್ನು ಸ್ಪಷ್ಟವಾಗಿ ಕೇಳುತ್ತೇನೆ. ಒಂದು, ಕರ್ನಾಟಕದ ವಿಶ್ವವಿದ್ಯಾಲಯಗಳ ಪ್ರಗತಿ ವರದಿಯಲ್ಲಿ, ನೇಮಕಾತಿಯ ಅಂಕಪಟ್ಟಿಯಲ್ಲಿ ಸಂಶೋಧನಾ ತಂತ್ರಾಂಶದ ಬಿಡುಗಡೆಗೆ ಒಂದು ಸಾಲು ಬರಲಿ. ಮೊದಲ ಆವೃತ್ತಿಗಷ್ಟೇ ಅಲ್ಲ, ಪರಿಷ್ಕೃತ ಆವೃತ್ತಿಗೂ. ಗ್ರಂಥ ಸಂಪಾದಕರಿಗೆ ಕೊಡುವ ತೂಕವನ್ನೇ ಇವರಿಗೂ ಕೊಡಿ, ಹೆಚ್ಚು ಬೇಡ. ಎರಡು, ಮಹಾಪ್ರಬಂಧವನ್ನು ಶೋಧಗಂಗಾದಲ್ಲಿ ಇಡುವ ಹಾಗೆಯೇ ಅದರ ಲೆಕ್ಕ ಮಾಡಿದ ಕೋಡನ್ನೂ, ಬಳಸಿದ ತಂತ್ರಾಂಶದ ಹೆಸರು ಮತ್ತು ಆವೃತ್ತಿ ಸಂಖ್ಯೆಯನ್ನೂ ಇಡುವುದು ಕಡ್ಡಾಯವಾಗಲಿ. ಯಾವ ಓಲೆಪ್ರತಿಯಿಂದ ಪಾಠ ತೆಗೆದುಕೊಂಡೆ ಎಂದು ಹೇಳದ ಸಂಪಾದಕನನ್ನು ನಾವು ನಂಬುತ್ತೇವೆಯೇ? ಮೂರು, ಇಂಗ್ಲೆಂಡಿನಲ್ಲಿ 2012ರಿಂದ ‘ಸಂಶೋಧನಾ ತಂತ್ರಾಂಶ ಎಂಜಿನಿಯರ್’ ಎಂಬ ಹೆಸರಿನಲ್ಲಿ ಗುರುತಿಸತೊಡಗಿದ ಹುದ್ದೆ ನಮ್ಮ ವಿಶ್ವವಿದ್ಯಾಲಯಗಳಲ್ಲೂ ಬರಲಿ, ಸಂಬಳದೊಂದಿಗೆ. ಮುಕ್ತ ಎಂದರೆ ಬಿಟ್ಟಿ ಚಾಕರಿ ಎಂದಲ್ಲ.

ನಾಲ್ಕನೆಯದು ನಮ್ಮದೇ ಪಾಲಿನ ಕೆಲಸ, ಯಾವ ಯುಜಿಸಿಯನ್ನೂ ಕಾಯಬೇಕಿಲ್ಲ. ಇಂಥ ತಂತ್ರಾಂಶಗಳ ಕೈಪಿಡಿಗಳು ಕನ್ನಡಕ್ಕೆ ಬರಲಿ. ಮುಕ್ತ ಪರವಾನಗಿ ಇರುವುದರಿಂದ ಯಾರ ಅನುಮತಿಗೂ ಅಲೆಯಬೇಕಿಲ್ಲ. ಕನ್ನಡ ಎಂ.ಎ. ಮುಗಿಸಿದ ಒಬ್ಬರು, ವಿಜ್ಞಾನ ಓದಿದ ಒಬ್ಬರು ಜೊತೆ ಕೂತರೆ ಆಗುವ ಕೆಲಸ. ವೆಂಕಟನಾರಣಪ್ಪನವರು ಒಬ್ಬರೇ ಎರಡೂ ಆಗಿದ್ದರು. ನಮಗೆ ಇಬ್ಬರಾದರೂ ಬೇಕಾದೀತು, ಇರಲಿ.

ಮುಂದಿನ ಮಿಠಾಯಿಗೆ ಯಾವ ಹೆಸರಿಡುತ್ತಾರೋ ಗೊತ್ತಿಲ್ಲ. ನಮ್ಮ ಬೆಳಗಾವಿಯ ಕುಂದಾ ಎಂದು ಇಟ್ಟರೆ ನನಗೆ ಸಂತೋಷ. ಕುಂದಾ ಮಾಡುವುದನ್ನು ಕಂಡವರಿಗೆ ಗೊತ್ತು, ಹಾಲನ್ನು ತಳ ಹತ್ತದಂತೆ ಗಂಟೆಗಟ್ಟಲೆ ಕೈಯಾಡಿಸುತ್ತಲೇ ಇರಬೇಕು. ತಿನ್ನುವಾಗ ಆ ಕೈ ಯಾರ ನೆನಪಿಗೂ ಬರುವುದಿಲ್ಲ. ಕನಿಷ್ಠ ವಿಶ್ವವಿದ್ಯಾಲಯಕ್ಕಾದರೂ ಬರಬೇಕು.